ರೆಪಾಸಿಟರಿಗೆ ಯಾರು, ಯಾವಾಗ ಬಂದರು?

ಪ್ರಶ್ನೆ: ನಮ್ಮ ಕಚೇರಿಯ ಸಬ್‌ವರ್ಷನ್ (ಎಸ್‌ವಿಎನ್: ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ತಂತ್ರಾಂಶ) ರೆಪಾಸಿಟರಿ, ಅಂದರೆ ಕೋಡಿನ ಭಂಡಾರ, ಅಪಾಚೆ ವೆಬ್ ಸರ್ವರ್‌ನಲ್ಲಿದೆ. ಕಮಿಟ್ ಮಾಡಿದವರ (ಬದಲಾವಣೆ ಸೇರಿಸಿದವರ) ಹೆಸರು, ಸಮಯ 'ಎಸ್‌ವಿಎನ್ ಲಾಗ್' ಕೊಟ್ಟರೆ ಸಿಗುತ್ತದೆ. ಕೋಡನ್ನು ಬರೀ ಚೆಕ್‌ಔಟ್ ಮಾಡಿಕೊಂಡವರನ್ನು (ಪ್ರತಿ ಇಳಿಸಿಕೊಂಡವರನ್ನು) ತಿಳಿಯುವುದು ಹೇಗೆ? ಹುಕ್ (ಒಂದು ಕೆಲಸ ನಡೆದಾಗ ತಾನಾಗಿ ಓಡುವ ಸ್ಕ್ರಿಪ್ಟ್) ಬರೆದರೆ ಆಗುತ್ತದೆಯೇ?

ಉತ್ತರ: ಹುಕ್‌ನಿಂದ ಆಗದು. ಕಮಿಟ್, ಲಾಕ್, ಅನ್‌ಲಾಕ್, ರಿವಿಷನ್ ಪ್ರಾಪರ್ಟಿ (ಕಮಿಟ್‌ಗೆ ಅಂಟಿದ ಮಾಹಿತಿ) ಬದಲಾವಣೆ, ಇಷ್ಟಕ್ಕೇ ಹುಕ್‌ಗಳಿರುವುದು, ಓದುವಿಕೆಗೆ ಇಲ್ಲ. ಅಪಾಚೆಯ ಮಾಮೂಲಿ ಆಕ್ಸೆಸ್ ಲಾಗ್‌ನಲ್ಲಿ ಎಲ್ಲವೂ ಇರುತ್ತದೆ, ಆದರೆ ಒಂದೇ ಚೆಕ್‌ಔಟ್‌ಗೆ ಪ್ರಾಪ್‌ಫೈಂಡ್, ರಿಪೋರ್ಟ್, ಗೆಟ್ ಎಂದು ನೂರಾರು ಕೋರಿಕೆಗಳ ಸಾಲು ಬೀಳುವುದರಿಂದ ಏನೂ ಅರ್ಥವಾಗುವುದಿಲ್ಲ.

ದಾರಿ ಬೇರೆಯಿದೆ. ಅಪಾಚೆಯ ಸಬ್‌ವರ್ಷನ್ ಮಾಡ್ಯೂಲ್ ಪ್ರತಿ ಕೆಲಸಕ್ಕೂ 'ಎಸ್‌ವಿಎನ್-ಆ್ಯಕ್ಷನ್' ಎಂಬ ಎನ್ವಿರಾನ್ಮೆಂಟ್ ವೇರಿಯಬಲ್ (ಸರ್ವರ್ ಒಳಗಿನ ಹೆಸರಿಟ್ಟ ಮೌಲ್ಯ) ತುಂಬುತ್ತದೆ. ಸರ್ವರ್ ಕಾನ್ಫಿಗ್‌ನಲ್ಲಿ ಇನ್ನೊಂದು 'ಕಸ್ಟಮ್‌ಲಾಗ್' ಸಾಲು ಸೇರಿಸಿ: ಸಮಯ, ಬಳಕೆದಾರರ ಹೆಸರು, ಐಪಿ ವಿಳಾಸ, ಈ ವೇರಿಯಬಲ್. ಕೊನೆಗೆ 'ಎನ್‌ವಿ=ಎಸ್‌ವಿಎನ್-ಆ್ಯಕ್ಷನ್' ಷರತ್ತು ಹಾಕಲು ಮರೆಯಬೇಡಿ; ಇಲ್ಲದಿದ್ದರೆ ಖಾಲಿ ಸಾಲುಗಳು ತುಂಬಿಕೊಳ್ಳುತ್ತವೆ. ಆಮೇಲೆ ಲಾಗ್‌ನಲ್ಲಿ ಚೆಕ್‌ಔಟ್, ಅಪ್‌ಡೇಟ್, ಕಮಿಟ್ ಎಂದು ಕೆಲಸದ ಹೆಸರೇ, ಪಾತ್, ರಿವಿಷನ್ ಸಂಖ್ಯೆಯಂಥ ವಿವರಗಳ ಜೊತೆ ಬರುತ್ತದೆ.

ಹೆಸರಿನ ಜಾಗದಲ್ಲಿ ಬರೀ ಅಡ್ಡಗೆರೆ ಬಂದರೆ, ಓದುವುದಕ್ಕೆ ಪಾಸ್‌ವರ್ಡ್ ಕೇಳುತ್ತಿಲ್ಲ ಎಂದರ್ಥ. ಹಳೆಯ ಕಾನ್ಫಿಗ್‌ಗಳಲ್ಲಿ 'ಲಿಮಿಟ್‌ಎಕ್ಸೆಪ್ಟ್' ಬ್ಲಾಕ್ ಹಾಕಿ, ಬರೆಯುವುದಕ್ಕೆ ಮಾತ್ರ ಲಾಗಿನ್ ಇಟ್ಟಿರುತ್ತಾರೆ. ಅದನ್ನು ತೆಗೆದು 'ರಿಕ್ವೈರ್ ವ್ಯಾಲಿಡ್-ಯೂಸರ್' ಅನ್ನು ಎಲ್ಲಕ್ಕೂ ಅನ್ವಯಿಸಿ. ಬಿಲ್ಡ್ ಸರ್ವರ್‌ಗೂ (ಕೋಡನ್ನು ತಾನಾಗಿ ಕಟ್ಟುವ ಯಂತ್ರಕ್ಕೂ) ಪ್ರತ್ಯೇಕ ಖಾತೆ ಕೊಡಿ. ಅದು ಕೆಲವು ನಿಮಿಷಗಳಿಗೊಮ್ಮೆ ಬಂದು ನೋಡುವುದರಿಂದ, ಅದರ ಸಾಲುಗಳನ್ನು ಸೋಸದೆ ಮನುಷ್ಯರ ಓಡಾಟ ಕಾಣುವುದಿಲ್ಲ.

ವಿಫಲ ಲಾಗಿನ್‌ಗಳು ಈ ಲಾಗ್‌ಗೆ ಬರುವುದೇ ಇಲ್ಲ; ಮಾಮೂಲಿ ಆಕ್ಸೆಸ್ ಲಾಗ್‌ನಲ್ಲಿ 401 (ಗುರುತು ಹೇಳಿ ಎಂಬ ಸಂಕೇತ) ಹುಡುಕಿ. ಒಂಟಿ 401 ಕಂಡು ಗಾಬರಿಯಾಗಬೇಡಿ, ಕ್ಲೈಂಟ್ ಮೊದಲ ಬಾರಿ ಹೆಸರಿಲ್ಲದೆ ಕೇಳುವುದು ವಾಡಿಕೆ. ಅದೇ ವಿಳಾಸದಿಂದ ಒಂದರ ಹಿಂದೆ ಒಂದು ಬರುತ್ತಿದ್ದರೆ ಮಾತ್ರ ವಿಚಾರಿಸಿ. ಸರ್ವರ್ ಯಂತ್ರದಲ್ಲೇ ಲಾಗಿನ್ ಆಗಿ 'ಫೈಲ್' ವಿಳಾಸದಿಂದ (ಅಪಾಚೆಯನ್ನು ದಾಟದೆ ನೇರವಾಗಿ) ಓದಿದವರ ಗುರುತು ಎರಡರಲ್ಲೂ ಉಳಿಯುವುದಿಲ್ಲ. ಹಾಗಾಗಿ ಆ ಯಂತ್ರದ ಖಾತೆಗಳನ್ನು ಬಿಗಿಯಾಗಿಡುವುದು ಲಾಗ್‌ಗಿಂತ ಮುಖ್ಯ.

ಪ್ರಶ್ನೆ: ನಮ್ಮ ರೆಪಾಸಿಟರಿಗೆ ಬರುವುದು ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಭದ್ರ ಲಾಗಿನ್) ಮೂಲಕ. ಅಲ್ಲಿ ಹೇಗೆ?

ಉತ್ತರ: ಸಬ್‌ವರ್ಷನ್ 1.6ರಿಂದ ಅದರ ಸ್ವಂತ ಸರ್ವರ್ 'ಎಸ್‌ವಿಎನ್‌ಸರ್ವ್'ಗೆ 'ಲಾಗ್-ಫೈಲ್' ಆಯ್ಕೆಯಿದೆ. ಎಸ್‌ಎಸ್‌ಎಚ್‌ನಲ್ಲಿ ಪ್ರತಿ ಸಂಪರ್ಕಕ್ಕೂ ಅದು ಹೊಸದಾಗಿ, ಬಳಕೆದಾರರ ಖಾತೆಯಲ್ಲೇ ಓಡುತ್ತದೆ. ಆದ್ದರಿಂದ ಆ ಆಯ್ಕೆಯನ್ನು, 'ಎಸ್‌ವಿಎನ್‌ಸರ್ವ್' ಅನ್ನು ಕರೆಯುವ ಸಣ್ಣ ರ‍್ಯಾಪರ್ ಸ್ಕ್ರಿಪ್ಟ್‌ನಲ್ಲಿಡಿ. ಲಾಗ್ ಫೈಲ್‌ಗೆ ಇಡೀ ಗುಂಪಿಗೆ ಬರೆಯುವ ಅನುಮತಿ ಬೇಕಾಗುತ್ತದೆ. ಅಂದರೆ ಅದನ್ನು ಅಳಿಸುವುದೂ ಅವರ ಕೈಯಲ್ಲೇ. ಎಲ್ಲರನ್ನೂ ಒಂದೇ ಖಾತೆಗೆ ತಂದು, ಪ್ರತಿಯೊಬ್ಬರ ಎಸ್‌ಎಸ್‌ಎಚ್ ಕೀಲಿಯ (ಪಾಸ್‌ವರ್ಡ್ ಬದಲಿನ ಗುರುತಿನ) ಸಾಲಿನಲ್ಲಿ 'ಟನಲ್-ಯೂಸರ್' ಹೆಸರು ಕೊಟ್ಟು, ಬೇರೆ ಕಮಾಂಡ್ ಓಡಿಸಲಾಗದಂತೆ ಕಟ್ಟಿಹಾಕುವುದೇ ಭದ್ರ.