ಗಳಿಕೆ ಬರೆದಿದ್ದೀರಿ, ಲೆಕ್ಕ ಬರೆದಿಲ್ಲ

ಬಾಗಲಕೋಟೆಯಿಂದ ಬರೆದ ತಂಗಿಗೆ,

ನಮಸ್ಕಾರ. 'ಲೈಟ್‌ಇಯರ್' ಎಂಬ ಪಿಕ್ಸಾರ್ ಸ್ಟುಡಿಯೋದ ಕಾರ್ಟೂನ್ ಸಿನಿಮಾದ ಗಳಿಕೆ ಬಗ್ಗೆ ನೀವು ಕಳಿಸಿದ ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೆ ಅದನ್ನು ನಮ್ಮ ಪುರವಣಿಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ಅದರೊಳಗೆ ಒಂದು ಒಳ್ಳೆಯ ಲೇಖನ ಇದೆ. ಮೂರನೇ ಪುಟದಲ್ಲಿ ಎರಡೇ ಸಾಲಿನಲ್ಲಿ ಅದನ್ನು ಮುಗಿಸಿಬಿಟ್ಟಿದ್ದೀರಿ, ಅಷ್ಟೇ.

ಮೊದಲು ತಪ್ಪಿನ ಮಾತು. "2022ರ ಈ ಚಿತ್ರ ಜಗತ್ತಿನಾದ್ಯಂತ 1,700 ಕೋಟಿ ರೂಪಾಯಿಗೂ ಜಾಸ್ತಿ ಗಳಿಸಿತು, ಅದೇ ವರ್ಷ ಬಂದ ಕೆಜಿಎಫ್ ಎರಡನೇ ಭಾಗಕ್ಕಿಂತ ದೊಡ್ಡ ಹಿಟ್" ಎಂದು ಶುರು ಮಾಡಿದ್ದೀರಿ. ಗಳಿಕೆಯ ಅಂಕಿ ಸರಿಯಿದೆ, ಸುಮಾರು 22.6 ಕೋಟಿ ಡಾಲರ್. ಆದರೆ ಆ ಸಿನಿಮಾ ಮಾಡಲು ಖರ್ಚಾದದ್ದೇ ಸುಮಾರು 20 ಕೋಟಿ ಡಾಲರ್. ಮುಂದಿನ ಪ್ಯಾರಾದಲ್ಲಿ ನೀವು ಅದರಿಂದ ಇದನ್ನು ಕಳೆದು "ಎರಡೂವರೆ ಕೋಟಿ ಡಾಲರ್ ಲಾಭ" ಅಂದಿದ್ದೀರಿ. ಲೇಖನ ಕುಸಿದದ್ದು ಅಲ್ಲೇ.

ವಿಜಯಪುರ ಜಿಲ್ಲೆಯ ಇಂಡಿ ಕಡೆಯ ನಿಂಬೆ ಬೆಳೆಗಾರರು ಯಾರಾದರೂ ಗೊತ್ತಿದ್ದರೆ ಕೇಳಿ ನೋಡಿ. ಮಾರುಕಟ್ಟೆಯಲ್ಲಿ ಚೀಲಕ್ಕೆ ಬಿದ್ದ ರೇಟೆಲ್ಲ ಅವರ ಕೈಗೆ ಬರುವುದಿಲ್ಲ. ದಲಾಲಿ, ಹಮಾಲಿ, ಗಾಡಿ ಬಾಡಿಗೆ ಎಲ್ಲ ಕಳೆದು ಉಳಿದದ್ದು ಬರುತ್ತದೆ. ಸಿನಿಮಾದ್ದೂ ಹಾಗೇ. ಅಮೆರಿಕದಲ್ಲಿ ಟಿಕೆಟ್ ದುಡ್ಡಿನ ಅರ್ಧದಷ್ಟು ಚಿತ್ರಮಂದಿರದವರಿಗೆ ಹೋಗುತ್ತದೆ. ಪ್ರಚಾರದ ಖರ್ಚು ಬಜೆಟ್‌ನಲ್ಲಿ ಸೇರಿರುವುದೇ ಇಲ್ಲ, ಅದು ಬೇರೆ. ಇಷ್ಟೆಲ್ಲ ಲೆಕ್ಕ ಹಾಕಿದರೆ 'ಲೈಟ್‌ಇಯರ್' ಥಿಯೇಟರ್‌ಗಳಲ್ಲಿ ದೊಡ್ಡ ನಷ್ಟ ಕಂಡ ಚಿತ್ರ. ಕೆಜಿಎಫ್ ಸುಮಾರು 1,200 ಕೋಟಿ ರೂಪಾಯಿ ಗಳಿಸಿತು, ಆದರೆ ಅದಕ್ಕೆ ಹಾಕಿದ್ದು 100 ಕೋಟಿ ಆಸುಪಾಸು. ಗಳಿಕೆ ಮಾತ್ರ ಪಕ್ಕಪಕ್ಕ ಇಟ್ಟರೆ ಓದುಗರಿಗೆ ತಪ್ಪು ಚಿತ್ರ ಸಿಗುತ್ತದೆ.

ಈಗ ಆ ಎರಡು ಸಾಲು. "ನಾವು ಮನೆಯಲ್ಲಿ ಮೊಬೈಲ್‌ನಲ್ಲಿ ನೋಡುತ್ತಿದ್ದೆವು. ಅರ್ಧ ಸಿನಿಮಾ ಆದಮೇಲೆ ಅಕ್ಕನ ಮಗ 'ಗೊಂಬಿ ಯಾವಾಗ ಬರತಾವ?' ಅಂತ ಕೇಳಿದ." ಇದನ್ನು ಬರೆದು ನೀವು ಮುಂದೆ ಹೋಗಿಬಿಟ್ಟಿದ್ದೀರಿ. ದಯವಿಟ್ಟು ಇಲ್ಲೇ ನಿಲ್ಲಿ. ನಿಮ್ಮ ಲೇಖನ ಇದೇ.

ಆ ಹುಡುಗ ಕೇಳಿದ್ದು ಸರಿಯಾದ ಪ್ರಶ್ನೆ. ಈ ಸಿನಿಮಾದ ನಾಯಕ ಬಝ್ ಲೈಟ್‌ಇಯರ್. ಅವನಿಗೆ ಗೊತ್ತಿದ್ದ ಬಝ್ ಒಂದು ಆಟಿಕೆ. 1995ರ 'ಟಾಯ್ ಸ್ಟೋರಿ'ಯಿಂದ ಮಕ್ಕಳು ಇಷ್ಟಪಟ್ಟದ್ದು, ತಾನು ಆಟಿಕೆ ಅಂತ ಗೊತ್ತಿಲ್ಲದ ಆ ಗೊಂಬೆಯನ್ನು. ಜೊತೆಗೆ ಅವನ ಗೆಳೆಯ ವುಡಿ ಇದ್ದ. 'ಲೈಟ್‌ಇಯರ್'ನಲ್ಲಿ ಗೊಂಬೆಯೂ ಇಲ್ಲ, ವುಡಿಯೂ ಇಲ್ಲ. 'ಟಾಯ್ ಸ್ಟೋರಿ'ಯಲ್ಲಿ ಆ ಗೊಂಬೆಗಳಿದ್ದ ಮನೆಯ ಹುಡುಗ ಆ್ಯಂಡಿ ನೋಡಿ ಮೆಚ್ಚಿದ ಸಿನಿಮಾ ಇದು ಎಂದು ಶುರುವಿನಲ್ಲೇ ತೆರೆಯ ಮೇಲೆ ಬರೆದು ತೋರಿಸುತ್ತಾರೆ. ದೊಡ್ಡವರಿಗೇ ಅದು ಎರಡು ಸಲ ಯೋಚಿಸಬೇಕಾದ ವಿಷಯ. ಬಝ್‌ನ ದನಿಯೂ ಬದಲಾಗಿತ್ತು. ಟಿಮ್ ಅಲೆನ್ ಬದಲು ಕ್ರಿಸ್ ಇವಾನ್ಸ್. 2019ರ 'ಟಾಯ್ ಸ್ಟೋರಿ 4' 107 ಕೋಟಿ ಡಾಲರ್ ಗಳಿಸಿತ್ತು. ಮೂರು ವರ್ಷದ ನಂತರ ಅದೇ ಹೆಸರಿನ ನಾಯಕ ಅದರ ಕಾಲು ಭಾಗವನ್ನೂ ಮುಟ್ಟಲಿಲ್ಲ ಅಂದರೆ, ನಿಮ್ಮ ಅಕ್ಕನ ಮಗನ ಪ್ರಶ್ನೆಯಲ್ಲಿ ಅದಕ್ಕೊಂದು ಉತ್ತರ ಇದೆ ಅಲ್ವಾ?

ಇನ್ನೊಂದು ಉತ್ತರ ನಿಮ್ಮ ಮೊದಲ ಸಾಲಿನಲ್ಲೇ ಇದೆ: ಮನೆಯಲ್ಲಿ, ಮೊಬೈಲ್‌ನಲ್ಲಿ. ಕೋವಿಡ್ ಕಾಲದಲ್ಲಿ ಪಿಕ್ಸಾರ್‌ನ 'ಸೋಲ್', 'ಲೂಕಾ', 'ಟರ್ನಿಂಗ್ ರೆಡ್' ಅಮೆರಿಕದಲ್ಲಿ ನೇರವಾಗಿ ಡಿಸ್ನಿ ಪ್ಲಸ್‌ಗೇ ಬಂದವು. ಇವರ ಸಿನಿಮಾ ಮನೆಗೇ ಬರುತ್ತದೆ ಎಂದು ಅಲ್ಲಿನ ಅಪ್ಪ ಅಮ್ಮಂದಿರಿಗೆ ರೂಢಿಯಾಯಿತು. 'ಲೈಟ್‌ಇಯರ್' ಜೂನ್ 17ಕ್ಕೆ ಥಿಯೇಟರ್‌ಗೆ ಬಂತು, ಆಗಸ್ಟ್ 3ಕ್ಕೆ ಮನೆಗೆ ಬಂತು. ಒಂದೂವರೆ ತಿಂಗಳು ಕಾಯೋದು ಯಾರಿಗೂ ಕಷ್ಟವಲ್ಲ. ಕಾರಣ ಇವೆರಡೇ ಅಂತ ಬರೆಯಬೇಡಿ. ಹಿಂದಿನ ವಾರವೇ ಡೈನೋಸಾರ್ ಸಿನಿಮಾ ಬಂದು ಕೂತಿತ್ತು, ಇಬ್ಬರು ಹೆಂಗಸರು ಮುತ್ತಿಡುವ ಒಂದು ದೃಶ್ಯಕ್ಕಾಗಿ ಕೊಲ್ಲಿಯ ಕೆಲವು ದೇಶಗಳು ಬಿಡುಗಡೆಯನ್ನೇ ತಡೆದವು. ಅವನ್ನು ಒಂದೊಂದು ಸಾಲಿನಲ್ಲಿ ಹೇಳಿ ಸಾಕು.

ಒಂದು ಪಾತ್ರ ಹಿಡಿದು ಬೇರೆ ಸಿನಿಮಾ ಮಾಡಿದರೆ ಓಡುವುದಿಲ್ಲ ಎಂಬ ನಿಮ್ಮ ತೀರ್ಮಾನ ನಿಲ್ಲುವುದಿಲ್ಲ. 'ಡೆಸ್ಪಿಕೆಬಲ್ ಮಿ' ಸರಣಿಯ ಪುಟಾಣಿ ಪಾತ್ರಗಳನ್ನು ಹಿಡಿದು ಮಾಡಿದ 2015ರ 'ಮಿನಿಯನ್ಸ್' 7.4 ಕೋಟಿ ಡಾಲರ್‌ನಲ್ಲಿ ತಯಾರಾಗಿ 115 ಕೋಟಿ ದಾಟಿತು. ಅದಕ್ಕಿಂತ ಒಳ್ಳೆಯ ಉದಾಹರಣೆ 'ಪುಸ್ ಇನ್ ಬೂಟ್ಸ್: ದಿ ಲಾಸ್ಟ್ ವಿಶ್'. 'ಶ್ರೆಕ್' ಸರಣಿಯ ಬೆಕ್ಕಿನ ಎರಡನೇ ಸಿನಿಮಾ, 2022ರ ಡಿಸೆಂಬರ್‌ದು. ಅಮೆರಿಕ, ಕೆನಡಾದಲ್ಲಿ ಅದರ ಮೊದಲ ವಾರಾಂತ್ಯದ ಗಳಿಕೆ ಬರೀ 1.24 ಕೋಟಿ ಡಾಲರ್. 'ಲೈಟ್‌ಇಯರ್'ದು 5 ಕೋಟಿ. ಮೊದಲ ಸೋಮವಾರ ಪೇಪರ್ ನೋಡಿದವರು ಯಾರು ಗೆದ್ದರು ಅಂತಿದ್ದರು? ಆದರೆ 'ಲೈಟ್‌ಇಯರ್' ಎರಡನೇ ವಾರಾಂತ್ಯಕ್ಕೆ 1.8 ಕೋಟಿಗೆ ಬಿತ್ತು, ಅಲ್ಲಿ ಒಟ್ಟು 11.8 ಕೋಟಿಗೆ ನಿಂತಿತು. ಬೆಕ್ಕು ವಾರದಿಂದ ವಾರಕ್ಕೆ ಹೆಚ್ಚು ಬೀಳದೆ ನಿಂತು 18.5 ಕೋಟಿ ದಾಟಿತು. ನೋಡಿದವರು ಮನೆಗೆ ಹೋಗಿ ಚೆನ್ನಾಗಿದೆ ಅಂದರು, ಮತ್ತೊಂದು ಮನೆಯವರು ಬಂದರು. ಮೊದಲ ವಾರಾಂತ್ಯಕ್ಕೂ ಕೊನೆಯ ಒಟ್ಟಿಗೂ ಎಷ್ಟು ಪಟ್ಟು ಅಂತ ಭಾಗಿಸಿ ನೋಡಿ. ಬೆಕ್ಕಿಗೆ ಹದಿನೈದರ ಹತ್ತಿರ, ಬಝ್‌ಗೆ ಎರಡೂಕಾಲು ಚಿಲ್ಲರೆ. ಮಕ್ಕಳ ಸಿನಿಮಾ ಬಗ್ಗೆ ಬರೆಯುವಾಗ ನಾನು ಮೊದಲು ನೋಡುವುದು ಈ ಭಾಗಾಕಾರವನ್ನೇ. ಪ್ರಚಾರ ಎಷ್ಟು ಜನರನ್ನು ತಂದಿತು, ಸಿನಿಮಾ ಎಷ್ಟು ಜನರನ್ನು ತಂದಿತು ಅನ್ನುವುದು ಅದರಲ್ಲಿ ಬೇರೆ ಬೇರೆ ಕಾಣುತ್ತದೆ.

ನಿಮ್ಮ ಭಾಷೆಯ ಬಗ್ಗೆ ಸ್ವಲ್ಪ. ಒಂದನೇ ಪುಟದಲ್ಲಿ "ಬಾಕ್ಸ್ ಆಫೀಸ್ ಕೊಳ್ಳೆ ಹೊಡೆಯಿತು", ಐದನೇ ಪುಟದಲ್ಲಿ "ಪ್ರೇಕ್ಷಕರ ಮನಗೆಲ್ಲುವಲ್ಲಿ ವಿಫಲವಾಯಿತು". ಎರಡೂ ಎಲ್ಲರೂ ಬರೆಯುವ ಸಾಲುಗಳು, ಎರಡೂ ಒಂದೇ ಸಿನಿಮಾದ ಬಗ್ಗೆ. ನಿಮ್ಮ ಅಕ್ಕನ ಮಗನ ಮಾತು ಬರೆದಾಗ ನೀವು ಎಷ್ಟು ಸಲೀಸಾಗಿ ಬರೆದಿದ್ದೀರಿ ನೋಡಿ. ಇಡೀ ಲೇಖನ ಹಾಗೇ ಇರಲಿ. ಡಾಲರನ್ನು ಕೋಟಿಯಲ್ಲೇ ಕೊಡಿ, ಮಿಲಿಯನ್ ಬೇಡ.

ಕೊನೆಯಲ್ಲಿ ಇಟ್ಟಿರುವ ಹತ್ತು ಸಿನಿಮಾಗಳ ಪಟ್ಟಿ ತೆಗೆದುಹಾಕಿ. ಆ ಜಾಗದಲ್ಲಿ ನಮ್ಮ ಕಡೆಯದನ್ನು ಬರೆಯಿರಿ. ಬೆಳಗಾವಿಗೋ ವಿಜಯಪುರಕ್ಕೋ ಹೋಗಿ ಒಬ್ಬ ಥಿಯೇಟರ್ ಮ್ಯಾನೇಜರ್ ಹತ್ತಿರ ಕೂತು ಮಾತಾಡಿ. ವಾರದ ಬಾಡಿಗೆ ಲೆಕ್ಕವೋ, ಪರ್ಸೆಂಟೇಜೋ? ಇಂಗ್ಲಿಷ್ ಕಾರ್ಟೂನ್ ಸಿನಿಮಾ ಹಾಕಿದರೆ ಯಾವ ಆಟಕ್ಕೆ ಮನೆಮಂದಿ ಬರುತ್ತಾರೆ? 2025ರಲ್ಲಿ 'ಮಹಾವತಾರ ನರಸಿಂಹ' ಕನ್ನಡದಲ್ಲೂ ಬಂತು, ಮೆಲ್ಲಗೆ ಶುರುವಾಗಿ ಬಾಯಿಮಾತಿನಿಂದ ಬೆಳೆಯಿತು. ಆಗ ಅವರ ಥಿಯೇಟರ್‌ನಲ್ಲಿ ಏನಾಯಿತು ಅಂತ ಕೇಳಿ. ಆಮೇಲೆ ನಿಮ್ಮ ಅಕ್ಕನನ್ನೂ ಕೇಳಿ: ನಾಲ್ಕು ಜನ ಬಾಗಲಕೋಟೆಯಿಂದ ಬೆಳಗಾವಿಗೆ ಬಂದು ಒಂದು ಸಿನಿಮಾ ನೋಡಿ, ತಿಂದು, ವಾಪಸ್ ಹೋಗಲು ಎಷ್ಟು ಬೇಕು? ಬಸ್ ಚಾರ್ಜ್ ಸೇರಿಸಿ ಆ ಲೆಕ್ಕವನ್ನು ರೂಪಾಯಿಯಲ್ಲೇ ಬರೆಯಿರಿ. 20 ಕೋಟಿ ಡಾಲರ್‌ಗಿಂತ ಅದು ನಮ್ಮ ಓದುಗರಿಗೆ ಬೇಗ ಅರ್ಥವಾಗುತ್ತದೆ.

ಎಂಟುನೂರು ಪದ ಮೀರಬಾರದು. ಮ್ಯಾನೇಜರ್ ತಮ್ಮ ಹೆಸರು ಬೇಡ ಅಂದರೆ ಹಾಕಬೇಡಿ, ಊರು ಸಾಕು. ಅವರು ಹೇಳಿದ್ದನ್ನು ಅಲ್ಲೇ ಬರೆದುಕೊಳ್ಳಿ. ತಿದ್ದಿದ ಪ್ರತಿಯನ್ನು ನೇರವಾಗಿ ನನಗೇ ಕಳಿಸಿ, ಬಂದ ದಿನವೇ ಓದುತ್ತೇನೆ.