ಆಡುವ ಮಗುವಿನ ಚಿತ್ರ: ಕೂರಿಸಬೇಡಿ, ಆಟ ಆರಿಸಿ

ಮೇಡಂ, ನಾಲ್ಕು ವರ್ಷದ ಮಗ ಒಂದು ನಿಮಿಷ ಕೂರಲ್ಲ, ಫೋಟೋ ನೋಡಿ ಬರೆದರೆ ಗೊಂಬೆ ಥರ ಕಾಣುತ್ತಾನೆ ಅಂತ ಕೇಳಿದ್ದೀರಿ. ಅವನನ್ನು ಕೂರಿಸೋ ಆಸೆ ಬಿಡಿ. ಅವನೇ ಕೂತು ಆಡೋ ಆಟ ಯಾವುದು ಅಂತ ಗಮನಿಸಿ.

ಫ್ರೆಂಚ್ ಚಿತ್ರಕಾರ ರೆನ್ವಾರ್ ತನ್ನ ಕಿರಿಯ ಮಗ ಕ್ಲೋಡ್ ಆಡುತ್ತಿರುವುದನ್ನು 1905ರ ಸುಮಾರಿಗೆ ಬರೆದಿದ್ದಾನೆ. ಚಿತ್ರ ಪ್ಯಾರಿಸ್ಸಿನ ಒರಾಂಜರಿ ಮ್ಯೂಸಿಯಂನಲ್ಲಿದೆ. ಹುಡುಗ ಹುಟ್ಟಿದ್ದು 1901ರಲ್ಲಿ, ಹೆಚ್ಚುಕಮ್ಮಿ ನಿಮ್ಮ ಮಗನ ವಯಸ್ಸೇ. ಮುಂದೆ ಪುಟ್ಟ ಆಟದ ಸಿಪಾಯಿಗಳು. ಅದರಲ್ಲೇ ಮುಳುಗಿಹೋಗಿದ್ದಾನೆ, ಎದುರಿಗೆ ಅಪ್ಪ ಇದ್ದಾನೆ ಅನ್ನೋ ಪರಿವೆಯೇ ಇಲ್ಲ. ತಲೆ ತಗ್ಗಿದ್ದರೆ ನಮಗೂ ಅನುಕೂಲ, ಕಣ್ಣು ಬರೆಯುವ ಗೋಜಿಲ್ಲ. ರೆಪ್ಪೆಗೊಂದು ಗೆರೆ, ಕೆನ್ನೆಯ ಉಬ್ಬು, ಹಣೆಗೆ ಬಿದ್ದ ಕೂದಲು, ಇಷ್ಟರಲ್ಲೇ ಮುಖ ಬಂದುಬಿಡುತ್ತೆ. "ಇಲ್ಲಿ ನೋಡು ಪುಟ್ಟಾ" ಅಂದಿರೋ, ಕೆಟ್ಟಿತು.

ಒಂದೇ ಹಾಳೆಯಲ್ಲಿ ನಾಲ್ಕೈದು ಸ್ಕೆಚ್ ಒಟ್ಟಿಗೆ ನಡೆಯಲಿ. ಕದಲಿದನಾ, ಪಕ್ಕದಲ್ಲಿ ಹೊಸದು ಶುರು ಮಾಡಿ. ಆಟದಲ್ಲಿರುವ ಮಕ್ಕಳು ಅದೇ ಭಂಗಿಗೆ ಮತ್ತೆ ಮತ್ತೆ ಬರುತ್ತಾರೆ, ಬಂದಾಗ ಹಳೆಯದನ್ನು ಮುಂದುವರಿಸಿ. ಮೊದಲು ತಲೆ, ಕುತ್ತಿಗೆ, ಬೆನ್ನಿನ ಬಾಗು. ಕೈಬೆರಳು ಕೊನೆಗೆ.

ಫೋಟೋ ಬೇಡ ಅಂತಲ್ಲ. ಆಟಿಕೆಗೆ, ಅಂಗಿಯ ಮಡಿಕೆಗೆ ಇಟ್ಟುಕೊಳ್ಳಿ. ನಾವು ನಿಂತು ಮೇಲಿಂದ ತೆಗೆಯುತ್ತೇವೆ, ತಲೆ ದಪ್ಪ, ಕಾಲು ಮೋಟು ಆಗುತ್ತೆ. ಫ್ಲ್ಯಾಶ್ ಬೇರೆ ನೆರಳನ್ನೆಲ್ಲ ನುಂಗಿಬಿಡುತ್ತೆ. ಗೊಂಬೆ ಥರ ಕಾಣೋದು ಬಹುಶಃ ಇದಕ್ಕೇ. ಮೊಬೈಲನ್ನು ಅವನ ಕಣ್ಣಿನ ಮಟ್ಟಕ್ಕೆ ಇಳಿಸಿ, ಕಿಟಕಿ ಬೆಳಕಲ್ಲಿ ತೆಗೆಯಿರಿ.

ಸೈಕಲ್ ಮೇಲೇ ಬರೀಬೇಕು ಅಂತಿದ್ದರೆ ಇನ್ನೊಬ್ಬ ಫ್ರೆಂಚ್ ಚಿತ್ರಕಾರ ಮೊನೆ (Monet) ಬರೆದ ಚಿತ್ರ ನೋಡಿ. 1872ರಲ್ಲಿ ಪ್ಯಾರಿಸ್ ಬಳಿಯ ಆರ್ಜಂತೈನ ಮನೆ ತೋಟದಲ್ಲಿ ಮಗ ಜಾನ್‌ನನ್ನು ಮೂರು ಚಕ್ರದ ಆಟದ ಕುದುರೆ ಮೇಲೆ ಕೂತಂತೆ ಬರೆದ. ಓಡಿಸುವ ಗಡಿಬಿಡಿ ಅದರಲ್ಲಿಲ್ಲ. ಅದನ್ನು ಯಾವ ಪ್ರದರ್ಶನಕ್ಕೂ ಕಳಿಸದೆ ಕೊನೆಯವರೆಗೂ ತನ್ನ ಬಳಿಯೇ ಇಟ್ಟುಕೊಂಡಿದ್ದ. ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ.

ಲಂಚಕ್ಕೂ ನಾಚಿಕೆ ಬೇಡ. 1909ರಲ್ಲಿ ರೆನ್ವಾರ್ ಮಗ ಇದೇ ಕ್ಲೋಡ್‌ಗೆ ವಿದೂಷಕನ ವೇಷ ಹಾಕಿ ನಿಲ್ಲಿಸಿದರೆ, ಬಿಳಿ ಕಾಲುಚೀಲ ಚುಚ್ಚುತ್ತೆ ಅಂತ ಹಟ ಹಿಡಿದ. ಎಲೆಕ್ಟ್ರಿಕ್ ರೈಲು, ಬಣ್ಣದ ಪೆಟ್ಟಿಗೆ ಅಂತೆಲ್ಲ ಆಸೆ ತೋರಿಸಿದ ಮೇಲೆ, ಅದೂ ಹತ್ತಿಯ ಕಾಲುಚೀಲ ಅಂದಾಗ, ಸ್ವಲ್ಪ ಹೊತ್ತು ಹಾಕಿಕೊಂಡ.

ನಿಮ್ಮದು ಆಯಿಲ್ ಪೇಂಟ್ ಅಲ್ವಾ? ಬಣ್ಣ ತೆಳು ಮಾಡೋ ಟರ್ಪೆಂಟೈನ್ ಮಾತ್ರ ಅವನ ಕೈಗೆ ಎಟುಕದ ಕಡೆ ಇಡಿ.