ದೀಪ ಹೊಸದು, ಕಂಬ ಹಳೆಯದು

ಓದುಗರ ಪತ್ರ (ಆಯ್ದ ಭಾಗ):
"ಕಳೆದ ಸಂಚಿಕೆಯಲ್ಲಿ ನಮ್ಮ ಕ್ಯಾಂಪಸ್ಸಿನ ಹೊಸ ದೀಪಗಳ ಫೋಟೊ ಹಾಕಿ, ಕೆಳಗೆ 'ರಾತ್ರಿಯೂ ಹಗಲಾಯಿತು' ಎಂದು ಬರೆದಿದ್ದೀರಿ. ನಾನು ಅದೇ ಕಾಲೇಜಿನ ಹಾಸ್ಟೆಲ್‌ನಲ್ಲಿ ಇರುವವಳು. ರಾತ್ರಿ ಒಂಬತ್ತೂವರೆಗೆ ಲೈಬ್ರರಿ ಮುಚ್ಚಿದ ಮೇಲೆ ದಿನಾ ಆ ದಾರಿಯಲ್ಲೇ ನಡೆದು ಬರುತ್ತೇನೆ. ಹಳೆಯ ಹಳದಿ ದೀಪ ಇದ್ದಾಗಿಗಿಂತ ಈಗಲೇ ಕತ್ತಲು ಜಾಸ್ತಿ ಅನ್ನಿಸುತ್ತದೆ. ಹೀಗೆಂದರೆ ಗೆಳತಿಯರು ನಗುತ್ತಾರೆ. ಕಾಮಗಾರಿಯ ನೆಪದಲ್ಲಿ ಹುಲ್ಲಿನ ಮೇಲಿದ್ದ ಅಡ್ಡದಾರಿಗೆ ಬೇಲಿ ಹಾಕಿದ್ದಾರೆ. ಎರಡು ದೊಡ್ಡ ಮರಗಳ ಬುಡದವರೆಗೂ ಪೇವರ್ ಬ್ಲಾಕ್ ಬಂದಿದೆ. ಯಾರನ್ನು, ಏನೆಂದು ಕೇಳಲಿ? ಅಥವಾ ನನ್ನ ಕಣ್ಣೇ ಸರಿ ಇಲ್ಲವಾ?"
(ಹೆಸರು ಹಾಕಬೇಡಿ ಎಂದು ಕೇಳಿಕೊಂಡ ಓದುಗರು)

ಸಂಪಾದಕರ ಉತ್ತರ:

ನಿಮ್ಮ ಕಣ್ಣು ಸರಿ ಇದೆ. ಮೊದಲು ಅದನ್ನು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ.

ಆ ಫೋಟೊದ ಕೆಳಗಿನ ಸಾಲು ಬರೆದವನು ನಾನೇ. ಹಗಲು ಹೊತ್ತಿನಲ್ಲಿ, ಮೇಜಿನ ಮುಂದೆ ಕೂತು ಬರೆದದ್ದು. ಆ ದಾರಿಯಲ್ಲಿ ರಾತ್ರಿ ಒಂದು ಸಲವೂ ನಡೆದಿರಲಿಲ್ಲ. ಫೋಟೊ ನೋಡಿ ಮೋಸಹೋದೆ. ಈಗಿನ ಮೊಬೈಲ್ ಕ್ಯಾಮೆರಾ ರಾತ್ರಿ ಹೊತ್ತು ಬರೀ ಒಂದು ಚಿತ್ರ ತೆಗೆದು ಸುಮ್ಮನಾಗುವುದಿಲ್ಲ. ಸರಸರನೆ ಹಲವು ಚಿತ್ರ ತೆಗೆದು, ಒಂದರ ಮೇಲೊಂದು ಕೂಡಿಸಿ, ಕತ್ತಲ ಮೂಲೆಗಳನ್ನು ಬೆಳಗಿಸಿ, ಉರಿಯುವ ದೀಪವನ್ನು ತಗ್ಗಿಸಿ ತೋರಿಸುತ್ತದೆ. ನೀವು ಪತ್ರದ ಜೊತೆ ಕಳಿಸಿದ ಫೋಟೊದಲ್ಲೂ ದಾರಿ ಚೆನ್ನಾಗಿಯೇ ಕಾಣುತ್ತಿದೆ. ನಿಮ್ಮ ಗೆಳತಿಯರು ನಕ್ಕಿದ್ದು ಅದನ್ನು ನೋಡಿಯೇ ಇರಬೇಕು. ದೀಪದ ವಿಷಯದಲ್ಲಿ ಫೋಟೊ ಸಾಕ್ಷಿ ಹೇಳುವುದಿಲ್ಲ. ನಮ್ಮ ಸಾಲು ತಪ್ಪು, ಕ್ಷಮಿಸಿ.

ಈಗ ವಿಷಯಕ್ಕೆ ಬರೋಣ. ನಾಳೆ ರಾತ್ರಿ ಒಂದು ಸಣ್ಣ ಪರೀಕ್ಷೆ ಮಾಡಿ. ದಾರಿಯಲ್ಲಿ ನಿಂತು ಮುಂದಿನ ದೀಪದ ಕಡೆ ನೋಡಿ. ಆಮೇಲೆ ಕೈ ಎತ್ತಿ, ಆ ದೀಪ ಮಾತ್ರ ಮರೆಯಾಗುವಂತೆ ಅಂಗೈ ಹಿಡಿಯಿರಿ. ಬಿಸಿಲಿಗೆ ಕಣ್ಣಿನ ಮೇಲೆ ಕೈ ಹಿಡಿಯುತ್ತೇವಲ್ಲ, ಹಾಗೆ. ದೀಪ ಮರೆಯಾದ ಕೂಡಲೇ ಅದರಾಚೆಯ ಪೊದೆ, ಮೆಟ್ಟಿಲು, ನಿಂತ ಮನುಷ್ಯ ಇನ್ನೂ ಚೆನ್ನಾಗಿ ಕಾಣಿಸಿದರೆ ತಪ್ಪು ದೀಪದ್ದೇ. ಬೆಳಕು ನೆಲದ ಮೇಲೆ ಬೀಳುವ ಬದಲು ನಿಮ್ಮ ಕಣ್ಣಿಗೆ ಬೀಳುತ್ತಿದೆ.

ಕಣ್ಣು ತನ್ನ ಮುಂದಿರುವ ಅತಿ ಪ್ರಖರ ವಸ್ತುವಿಗೆ ಹೊಂದಿಕೊಳ್ಳಲು ನೋಡುತ್ತದೆ. ಪಾಪೆ ಕಿರಿದಾಗುತ್ತದೆ. ಜೊತೆಗೆ ಆ ಬೆಳಕು ಕಣ್ಣಿನೊಳಗೇ ಚದುರಿ, ಮಂಜು ಕವಿದ ಗಾಜಿನ ಹಾಗೆ ಉಳಿದೆಲ್ಲದರ ಮೇಲೆ ಒಂದು ತೆಳು ಪರದೆ ಎಳೆಯುತ್ತದೆ. ದೀಪ ಮಾತ್ರ ಕಾಣುತ್ತದೆ, ದಾರಿ ಕಾಣುವುದಿಲ್ಲ. ಅದನ್ನು ದಾಟಿ ಕತ್ತಲ ಜಾಗಕ್ಕೆ ಬಂದರೆ ಕಣ್ಣು ತಕ್ಷಣ ಚೇತರಿಸಿಕೊಳ್ಳುವುದೂ ಇಲ್ಲ. ಕತ್ತಲಿಗೆ ಪೂರ್ತಿ ಒಗ್ಗಿಕೊಳ್ಳಲು ಅದಕ್ಕೆ 20ರಿಂದ 30 ನಿಮಿಷ ಬೇಕು. ನೀವು ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಅರ್ಧ ನಿಮಿಷದಲ್ಲಿ ನಡೆದುಬಿಡುತ್ತೀರಿ. ಒಂದು ಜಾಗದ ಮೇಲೆ ಬೀಳುವ ಬೆಳಕನ್ನು ಲಕ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಹುಣ್ಣಿಮೆಯ ಬೆಳಕು ಅರ್ಧ ಲಕ್ಸ್ ಕೂಡ ಇರುವುದಿಲ್ಲ, ಆದರೂ ಬೆಳದಿಂಗಳಲ್ಲಿ ಬಯಲು ದಾಟಲು ನಮಗೆ ಕಷ್ಟ ಆಗುವುದಿಲ್ಲ. ಆ ಬೆಳಕು ಎಲ್ಲೆಡೆ ಒಂದೇ ಸಮ ಇರುತ್ತದೆ, ಅಷ್ಟೇ.

ಈ ಒಂದೇ ಸಮ ಎನ್ನುವುದು ನಿಮ್ಮ ದಾರಿಯಲ್ಲಿ ಕಳೆದುಹೋಗಿದೆ. ನೀವು ಹೇಳುವ ಹಳೆಯ ಹಳದಿ ದೀಪ, ಅಂದರೆ ಸೋಡಿಯಂ ದೀಪ, ಒಂಥರಾ ಶಿಸ್ತಿಲ್ಲದ ದೀಪ. ಬೆಳಕನ್ನು ಆಕಾಶಕ್ಕೆ, ಗೋಡೆಗೆ, ಮರಕ್ಕೆ, ಎಲ್ಲ ಕಡೆ ಚೆಲ್ಲುತ್ತಿತ್ತು. ಚೆಲ್ಲಿದ್ದರಲ್ಲಿ ಒಂದಿಷ್ಟು ಎರಡು ಕಂಬಗಳ ನಡುವಿನ ಜಾಗಕ್ಕೂ ಬರುತ್ತಿತ್ತು. ಈಗ ಬಂದಿರುವ ಎಲ್‌ಇಡಿ ಹಾಗಲ್ಲ. ಅದರ ಮುಂದಿನ ಪುಟ್ಟ ಲೆನ್ಸುಗಳು ಬೆಳಕನ್ನು ಹೇಳಿದ ಜಾಗಕ್ಕೆ ಮಾತ್ರ ಕಳಿಸುತ್ತವೆ. ಇದು ಅದರ ದೊಡ್ಡ ಗುಣ. ಆದರೆ ಕಂಬಗಳ ಅಂತರ ಮತ್ತು ಎತ್ತರಕ್ಕೆ ತಕ್ಕ ಲೆನ್ಸು ಆರಿಸದೆ, ಹಳೆಯ ಕಂಬಕ್ಕೆ ಹೊಸ ಫಿಟ್ಟಿಂಗ್ ಸುಮ್ನೆ ಸಿಕ್ಕಿಸಿದರೆ ಅದೇ ಗುಣ ತಿರುಗಿಬೀಳುತ್ತದೆ. ಕಂಬದ ಕೆಳಗೆ ಬೆಳಕಿನ ಕೊಳ, ಮುಂದೆ ಕಪ್ಪು ಹಳ್ಳ, ಮತ್ತೆ ಕೊಳ. ದೀಪದ ಬುಡದಲ್ಲಿ ಕತ್ತಲು ಎಂದು ಗಾದೆ. ನಿಮ್ಮ ಕ್ಯಾಂಪಸ್ಸಿನಲ್ಲಿ ಅದು ಉಲ್ಟಾ ಆಗಿದೆ. ಬುಡದಲ್ಲಿ ಬೇಕಾದಷ್ಟು ಬೆಳಕಿದೆ, ಕತ್ತಲಿರುವುದು ಸುತ್ತಮುತ್ತ.

ಕಂಬದ ಎತ್ತರದ ವಿಷಯದಲ್ಲಿ ಇನ್ನೊಂದು ಪೇಚಿದೆ. ಕಂಬ ಗಿಡ್ಡವಾದರೆ ಕಣ್ಣಿಗೆ ಹೊಡೆಯುತ್ತದೆ, ಉದ್ದವಾದರೆ ಮರದ ಕೊಂಬೆ ಅಡ್ಡ ಬರುತ್ತದೆ. ಎತ್ತರ ಎರಡು ಪಟ್ಟಾದರೆ ನೇರ ಕೆಳಗೆ ಸಿಗುವ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಮರದ ಸಾಲು ಇರುವ ಕಡೆ ಕೊಂಬೆಗಳ ಕೆಳಗೆ ಬರುವಂತೆ ಚಿಕ್ಕ ಕಂಬ, ಹತ್ತಿರ ಹತ್ತಿರ, ಮಂದ ದೀಪ ಇಡುವುದೇ ಸರಿ. ಆದರೆ ನಕ್ಷೆ ಬರೆಯುವಾಗ ಮರ ಒಂದು ಹಸಿರು ಚುಕ್ಕೆ ಮಾತ್ರ. ಐದು ವರ್ಷ ಕಳೆದರೆ ಅದು ಎಷ್ಟು ಹರಡುತ್ತದೆ ಎಂದು ಯಾರೂ ಬರೆಯುವುದಿಲ್ಲ. ಮರ ಬೆಳೆಯುತ್ತದೆ, ಕಂಬ ಬೆಳೆಯುವುದಿಲ್ಲ.

ನೀವು ಕಚೇರಿಗೆ ಹೋಗಿ ಕೇಳಿದರೆ ಅವರು ಅಳತೆಯ ಹಾಳೆ ತೋರಿಸಬಹುದು. ನೆಲದ ಮೇಲೆ ಬೆಳಕು ಅಳೆಯುವ ಮೀಟರ್ ಇಟ್ಟು ಇಷ್ಟು ಲಕ್ಸ್ ಬಂದಿದೆ, ನಿಯಮದ ಪ್ರಕಾರವೇ ಇದೆ ಎನ್ನಬಹುದು. ಅದು ಸುಳ್ಳಲ್ಲ. ಆದರೆ ರಾತ್ರಿ ನಡೆಯುವವರು ನೆಲ ಮಾತ್ರ ನೋಡುವುದಿಲ್ಲ, ಎದುರು ಬರುವವರ ಮುಖ ನೋಡುತ್ತಾರೆ. ಪರಿಚಯದವರಾ, ಕುಡಿದಿದ್ದಾರಾ, ಫೋನಿನಲ್ಲಿ ಮಾತಾಡುತ್ತಿದ್ದಾರಾ, ಇವೆಲ್ಲ ಹತ್ತಿರ ಬರುವ ಮೊದಲೇ ಗೊತ್ತಾಗಬೇಕು. ದೀಪದ ವಿನ್ಯಾಸ ಮಾಡುವವರು ಇದಕ್ಕೆ ಕನಿಷ್ಠ 4 ಮೀಟರ್ ದೂರವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ನನ್ನ ಪ್ರಕಾರ ಅದು ತೀರಾ ಕಡಿಮೆ. 4 ಮೀಟರ್ ಎಂದರೆ ಇಬ್ಬರೂ ಎದುರುಬದುರು ನಡೆಯುವಾಗ ಎರಡು ಸೆಕೆಂಡು ಕೂಡ ಸಿಗುವುದಿಲ್ಲ. ನೆಲದ ಲಕ್ಸ್ ಬೇರೆ, ಮುಖದ ಮೇಲೆ ಬೀಳುವ ಲಕ್ಸ್ ಬೇರೆ. ಮೀಟರನ್ನು ಮುಖದ ಎತ್ತರಕ್ಕೆ, ಮುಖದ ಹಾಗೆ ನೆಟ್ಟಗೆ ಹಿಡಿದು ಅಳೆದ ಲೆಕ್ಕ ಇದೆಯಾ ಎಂದು ಕೇಳಿ. ಅಲ್ಲಿಗೆ ಮಾತಿನ ಧಾಟಿ ಬದಲಾಗುತ್ತದೆ.

ಹಳದಿಯೋ ಬಿಳಿಯೋ ಎಂಬ ಜಗಳವೂ ನಿಮ್ಮ ಹಾಸ್ಟೆಲ್‌ನಲ್ಲಿ ನಡೆಯುತ್ತಿದೆಯಂತೆ. ಇಲ್ಲಿ ನಾನು ಹಳೆಯ ದೀಪದ ಪರ ನಿಲ್ಲುವುದಿಲ್ಲ. ಸೋಡಿಯಂ ಬೆಳಕಿನಲ್ಲಿ ಬಣ್ಣಗಳು ಸತ್ತುಹೋಗುತ್ತವೆ. ಕೆಂಪು ಅಂಗಿಯೂ ಕಂದು ಅಂಗಿಯೂ ಹೆಚ್ಚುಕಡಿಮೆ ಒಂದೇ. ಬಿಳಿ ಬೆಳಕಿನಲ್ಲಿ ಆ ತೊಂದರೆ ಇಲ್ಲ. ಬಿಳಿ ಎಲ್‌ಇಡಿ ಸಾಧ್ಯವಾದದ್ದೇ ನೀಲಿ ಎಲ್‌ಇಡಿ ಬಂದ ಮೇಲೆ. ಅದನ್ನು ಮಾಡಿದ ಅಕಾಸಾಕಿ, ಅಮಾನೊ, ನಾಕಾಮುರಾ ಮೂವರಿಗೂ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಆದರೆ ಬಿಳಿ ಎಂದರೆ ಒಂದೇ ಬಿಳಿ ಅಲ್ಲ. ಡಬ್ಬಿಯ ಮೇಲೆ ಕೆಲ್ವಿನ್ ಎಂದು ಒಂದು ಸಂಖ್ಯೆ ಇರುತ್ತದೆ. ಹಳೆಯ ಸೋಡಿಯಂ ದೀಪ 2,000ರ ಆಸುಪಾಸು. 3,000 ಎಂದರೆ ಬೆಚ್ಚಗಿನ ಬಿಳಿ. 5,000 ದಾಟಿದರೆ ಆಸ್ಪತ್ರೆಯ ವಾರ್ಡಿನ ಹಾಗೆ ನೀಲಿ ಛಾಯೆಯ ಬಿಳಿ. ಈ ನೀಲಿ ಪಾಲು ಕಣ್ಣಿಗೆ ಜಾಸ್ತಿ ಚುಚ್ಚುತ್ತದೆ, ನಿದ್ದೆ ಬರಿಸುವ ಮೆಲಟೋನಿನ್ ಹಾರ್ಮೋನನ್ನೂ ತಡೆಯುತ್ತದೆ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 2016ರಲ್ಲಿ ಹೊರಾಂಗಣಕ್ಕೆ 3,000 ಕೆಲ್ವಿನ್ ಅಥವಾ ಅದಕ್ಕೂ ಕಡಿಮೆ ಇರಲಿ ಎಂದು ಹೇಳಿತು. ನಿಮ್ಮ ಹಾಸ್ಟೆಲ್ ಕಿಟಕಿಗೆ ನೇರವಾಗಿ ಹೊಡೆಯುವ ದೀಪ ಯಾವ ಸಂಖ್ಯೆಯದು ಎಂದು ವಿಚಾರಿಸಿ. ಹಾಗಂತ ಅದನ್ನು ಕೀಳಿಸಬೇಕಿಲ್ಲ. ಕಿಟಕಿಯ ಕಡೆಗೆ ಒಂದು ತಗಡಿನ ಮರೆ ಹಾಕಿದರೂ ಸಾಕಾಗುತ್ತದೆ.

"ಆದರೂ ಬೆಳಕು ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ವಾ, ಹೆಣ್ಣುಮಕ್ಕಳು ಓಡಾಡುವ ಜಾಗ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಈ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ನ್ಯೂಯಾರ್ಕಿನಲ್ಲಿ 2016ರಲ್ಲಿ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ ಎತ್ತರದ ದೀಪದ ಗೋಪುರ ನಿಲ್ಲಿಸಿ ನೋಡಿದರು. ಯಾವ ಸಮುಚ್ಚಯಕ್ಕೆ ಎಂಬುದನ್ನು ಚೀಟಿ ಎತ್ತಿದ ಹಾಗೆ ಆರಿಸಿದ್ದರು. ರಾತ್ರಿ ಹೊರಗೆ ನಡೆಯುವ ಗಂಭೀರ ಅಪರಾಧ ಸುಮಾರು 36% ಇಳಿಯಿತು ಎಂದು ಅಧ್ಯಯನ ಹೇಳಿತು. ಚಿಕಾಗೋದಲ್ಲಿ ಅದಕ್ಕೂ ಮುಂಚೆ ಓಣಿಗಳ ದೀಪಗಳನ್ನು 90 ವ್ಯಾಟಿನಿಂದ 250ಕ್ಕೆ ಏರಿಸಿದ್ದರು. 2000ನೇ ಇಸವಿಯ ವರದಿಯಲ್ಲಿ ನೋಡಿದರೆ ದಾಖಲಾದ ಅಪರಾಧ 21% ಏರಿತ್ತು! ಬೆಳಕು ಬಂದದ್ದರಿಂದ ಜನರ ಕಣ್ಣಿಗೆ ಬಿದ್ದದ್ದು, ದೂರು ಕೊಟ್ಟದ್ದು ಜಾಸ್ತಿಯಾಗಿರಬಹುದು. ಹಾಗಾಗಿ ವ್ಯಾಟ್ ಹೇಳಿ ಯಾರೂ ನಿಮ್ಮ ಬಾಯಿ ಮುಚ್ಚಿಸಲು ಬಿಡಬೇಡಿ. ಒಂಬತ್ತೂವರೆಗೆ ಆ ದಾರಿಯಲ್ಲಿ ಇನ್ನೂ ನಾಲ್ಕು ಜನ ಇರುತ್ತಾರಾ, ಕೂಗಿದರೆ ಕೇಳುವಷ್ಟು ಹತ್ತಿರ ತೆರೆದ ಬಾಗಿಲು ಇದೆಯಾ ಎಂಬುದೂ ದೀಪದಷ್ಟೇ ಮುಖ್ಯ. ಲೈಬ್ರರಿಯ ಹಿಂದಿನ ಗೇಟಿನ ಕಾವಲುಗಾರರನ್ನು ಒಂಬತ್ತಕ್ಕೇ ಮನೆಗೆ ಕಳಿಸುತ್ತಾರೆ ಎಂದು ಪತ್ರದ ಕೊನೆಯಲ್ಲಿ, ಏನೋ ಮರೆತದ್ದು ನೆನಪಾದಂತೆ, ಬರೆದಿದ್ದೀರಿ. ನನಗೆ ಅದೇ ಮೊದಲ ಸಾಲಾಗಬೇಕಿತ್ತು ಅನ್ನಿಸಿತು.

ಕಟ್ಟಡದ ಗೋಡೆಯನ್ನು ಕೆಳಗಿನಿಂದ ಬೆಳಗಿಸುವ ಅಲಂಕಾರದ ದೀಪಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವುಗಳಿಂದ ನಡೆಯುವವರಿಗೆ ಉಪಯೋಗ ಇಲ್ಲ, ಹುಳುಗಳಿಗಂತೂ ನರಕ. ಹುಳುಗಳು ದೀಪಕ್ಕೆ ಮರುಳಾಗಿ ಬರುತ್ತವೆ ಎಂದೇ ನಾವೆಲ್ಲ ನಂಬಿದ್ದೆವು. 2024ರಲ್ಲಿ ಬಂದ ಅಧ್ಯಯನವೊಂದು ಬೇರೆಯೇ ಹೇಳಿತು. ಹಾರುವ ಹುಳು ಆಕಾಶದ ಬೆಳಕಿಗೆ ಬೆನ್ನು ಮಾಡಿ ಮೇಲು ಕೆಳಗು ತಿಳಿಯುತ್ತದೆ. ದೀಪ ಕಂಡರೆ ಅದಕ್ಕೂ ಬೆನ್ನು ತಿರುಗಿಸಿ, ದಿಕ್ಕು ತಪ್ಪಿ, ಸುತ್ತುತ್ತಲೇ ಉಳಿದುಬಿಡುತ್ತದೆ. ಕೆಳಗಿನಿಂದ ದೀಪ ಬಂದರೆ ಪಾಪ, ತಲೆಕೆಳಗಾಗಿ ನೆಲಕ್ಕೇ ಬೀಳುತ್ತದೆ.

ಇನ್ನು ಅಡ್ಡದಾರಿ. ಹುಲ್ಲಿನ ಮೇಲೆ ಕಾಲು ಸವೆಸಿದ ಗೆರೆ ಮೂಡಿದ್ದರೆ ಅದಕ್ಕಿಂತ ಒಳ್ಳೆಯ ಸಮೀಕ್ಷೆ ಬೇರೆ ಬೇಕಿಲ್ಲ. ನೂರಾರು ಜನ ಎಷ್ಟೋ ದಿನ ನಡೆದು ಬರೆದ ನಕ್ಷೆ ಅದು. ಜಾಣ ವಿನ್ಯಾಸಕಾರರು ಮೊದಲು ಹುಲ್ಲು ಬೆಳೆಸಿ, ಜನ ಎಲ್ಲಿ ನಡೆಯುತ್ತಾರೆ ಎಂದು ಕಾದು ನೋಡಿ, ಅಲ್ಲೇ ಕಲ್ಲು ಹಾಸುತ್ತಾರೆ. ನಿಮ್ಮವರು ಅದಕ್ಕೆ ಬೇಲಿ ಹಾಕಿ ಬಳಸುದಾರಿ ಮಾಡಿದ್ದಾರೆ. ಚೆಂದದ ಬಳುಕು ಮೇಲಿನಿಂದ ನೋಡಿದರೆ ಮಾತ್ರ ಕಾಣುತ್ತದೆ. ಕಾಲೇಜಿಗೆ ಯಾರೂ ಹಾರಿಕೊಂಡು ಬರುವುದಿಲ್ಲ. ಬೇಲಿ ಒಂದು ಕಡೆ ಮುರಿದಾಗಿದೆ ಎಂದೂ ಬರೆದಿದ್ದೀರಿ. ಹಾಗಾದರೆ ಜನ ಈಗಾಗಲೇ ಉತ್ತರ ಕೊಟ್ಟಿದ್ದಾರೆ. ಕಾಲೇಜು ಆ ದಾರಿಯನ್ನು ಒಪ್ಪಿಕೊಂಡು ಅಲ್ಲಿಗೊಂದು ದೀಪ ಹಾಕಲಿ.

ಮರಗಳ ವಿಷಯಕ್ಕೆ ಮಾತ್ರ ಈ ವಾರವೇ ಹೋಗಿ. ನೀರು ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಅರ್ಧ ಮೀಟರ್ ಮಣ್ಣಿನಲ್ಲೇ ಇರುತ್ತವೆ, ಕೊಂಬೆಗಳ ನೆರಳನ್ನೂ ದಾಟಿ ಹರಡಿರುತ್ತವೆ. ಕೇಬಲ್ ಗುಂಡಿ ತೋಡುವುದೂ ಅಷ್ಟೇ ಆಳಕ್ಕೆ. ಬೇರು ಕಡಿಸಿಕೊಂಡ ದೊಡ್ಡ ಮರ ಸಾಮಾನ್ಯವಾಗಿ ಅದೇ ವರ್ಷ ಒಣಗುವುದಿಲ್ಲ. ಕೆಲವು ವರ್ಷ ಸೊರಗಿ, ಒಂದು ಗಾಳಿಗೆ ಬೀಳುತ್ತದೆ. ಅಷ್ಟರಲ್ಲಿ ಕೆಲಸ ಮಾಡಿದವರ ಹೊಣೆ ಮುಗಿದಿರುತ್ತದೆ. ಸಮಾಧಾನದ ಸಂಗತಿ ಎಂದರೆ ಪೇವರ್ ಬ್ಲಾಕನ್ನು ಸಾಮಾನ್ಯವಾಗಿ ಮರಳಿನ ಮೇಲೆ ಜೋಡಿಸಿರುತ್ತಾರೆ. ಬುಡದ ಸುತ್ತಲಿನ ಬ್ಲಾಕ್ ಎತ್ತಿ ಮಣ್ಣು ಬಿಡಿಸಲು ಒಂದು ದಿನ ಸಾಕು. ಯಂತ್ರ ಬೇಡ, ಟೆಂಡರ್ ಬೇಡ.

ಹೋಗುವಾಗ ಮೆಟ್ಟಿಲ ಪಕ್ಕದ ಇಳಿಜಾರನ್ನೂ ನೋಡಿ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಗಾಲಿಕುರ್ಚಿಯವರಿಗೆ ಅದಕ್ಕಿಂತ ಕಡಿದಾದರೆ ಏರುವುದು ಕಷ್ಟ. ಹಳದಿ ಉಬ್ಬುಗೆರೆಯ ಹಾಸುಬಿಲ್ಲೆ ಹಾಕಿದ್ದರೆ ಅದು ಎಲ್ಲಿಗೆ ಹೋಗುತ್ತದೆ ಎಂದು ಅದರ ಮೇಲೇ ನಡೆದು ನೋಡಿ. ಕುರುಡರಿಗಾಗಿ ಜಪಾನಿನ ಸೇಯಿಚಿ ಮಿಯಾಕೆ 1965ರಲ್ಲಿ ರೂಪಿಸಿದ್ದು ಅದು. ಉದ್ದ ಗೆರೆ ಎಂದರೆ ನಡೆ, ಗುಂಡು ಚುಕ್ಕೆ ಎಂದರೆ ನಿಲ್ಲು. ಅದನ್ನು ಬರೀ ಅಂಚಿನ ಅಲಂಕಾರ ಎಂದುಕೊಂಡು ನೇರ ಕಂಬಕ್ಕೆ ತಂದು ಮುಟ್ಟಿಸಿದ ಕಡೆಗಳನ್ನು ನಾನೇ ನೋಡಿದ್ದೇನೆ.

ಯಾರನ್ನು ಕೇಳಲಿ ಎಂದಿದ್ದೀರಿ. ಒಬ್ಬರೇ ಹೋಗಬೇಡಿ, ಬರೀ ಮನವಿಯನ್ನೂ ಕೊಡಬೇಡಿ. ಮನವಿ ಫೈಲಿಗೆ ಹೋಗುತ್ತದೆ. ಕಾಮಗಾರಿ ನೋಡಿಕೊಳ್ಳುವ ಎಂಜಿನಿಯರ್, ಹಾಸ್ಟೆಲ್ ವಾರ್ಡನ್, ಆ ಗೇಟಿನ ಕಾವಲುಗಾರರು, ನಿಮ್ಮಂಥ ನಾಲ್ಕೈದು ವಿದ್ಯಾರ್ಥಿಗಳು ಸೇರಿ ರಾತ್ರಿ ಒಂದು ಸಲ ನಡೆಯೋಣ ಎಂದು ಕರೆಯಿರಿ. ಕೊನೆಯ ಬಿಲ್ ಪಾಸಾಗುವ ಮೊದಲು ಆಗಬೇಕು, ಆಮೇಲೆ ಯಾರೂ ಬರುವುದಿಲ್ಲ. ನಿಮ್ಮ ಅಂಗೈ ಪರೀಕ್ಷೆಯನ್ನು ಎಂಜಿನಿಯರ್ ಕೈಯಲ್ಲೇ ಮಾಡಿಸಿ. ಪ್ರತಿ ಕಂಬಕ್ಕೂ ಒಂದು ಸಂಖ್ಯೆ ಬರೆಸಲು ಹೇಳಿ. "ಅಲ್ಲೆಲ್ಲೋ ದೀಪ ಕೆಟ್ಟಿದೆ" ಎಂಬ ದೂರಿಗೂ "17ನೇ ಕಂಬ ಮೂರು ದಿನದಿಂದ ಉರಿಯುತ್ತಿಲ್ಲ" ಎಂಬ ದೂರಿಗೂ ತುಂಬಾ ವ್ಯತ್ಯಾಸ ಇದೆ. ಎಲ್‌ಇಡಿ 50,000 ಗಂಟೆ ಬಾಳುತ್ತದೆ ಎಂದು ಡಬ್ಬಿಯ ಮೇಲಿರಬಹುದು, ಅದಕ್ಕೆ ಹದವಾಗಿ ವಿದ್ಯುತ್ ಕೊಡುವ ಒಳಗಿನ ಸರ್ಕ್ಯೂಟ್, ಅಂದರೆ ಡ್ರೈವರ್, ಬಹಳ ಸಲ ಅದಕ್ಕಿಂತ ಮೊದಲೇ ಕೈಕೊಡುತ್ತದೆ.

ನೀವು ಪೆನ್ಸಿಲ್‌ನಲ್ಲಿ ಬರೆದು ಕಳಿಸಿದ ನಕ್ಷೆ, ಕತ್ತಲಿರುವ ಕಡೆ ಗೀಚಿ ಕಪ್ಪು ಮಾಡಿದ್ದು, ಪಕ್ಕದ ಪುಟದಲ್ಲಿ ಹಾಗೇ ಅಚ್ಚಾಗಿದೆ. ಈ ಸಲ ಕೆಳಗೆ ಸಾಲು ಬರೆದಿಲ್ಲ. ಅದರ ಪ್ರತಿ ಮಾಡಿಸಿ ಎಲ್ಲರ ಕೈಗೂ ಒಂದೊಂದು ಕೊಡಿ. ನಡೆಯುವ ದಿನವನ್ನು ಅಮಾವಾಸ್ಯೆಯ ಆಸುಪಾಸಿಗೆ ಇಟ್ಟುಕೊಳ್ಳಿ. ಹುಣ್ಣಿಮೆಯಲ್ಲಿ ಹೋದರೆ ಚಂದ್ರನಿಗೆ ಸಿಗಬೇಕಾದ ಅಂಕವೆಲ್ಲ ಗುತ್ತಿಗೆದಾರರಿಗೆ ಸಿಕ್ಕಿಬಿಡುತ್ತದೆ.

ಸಂಪಾದಕ